ಕಾಲುವೆಯಾಚೆಯ ಮಜ್ಜಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಹೆಂಗಸಲ್ಲ ಎಂದೇ ಬಹಳ ವರ್ಷ ನಂಬಿಕೊಂಡಿದ್ದೆ. ಕಾಲುವೆಯಾಚೆ ಬಾಡಿಗೆ ಮನೆ ಹಿಡಿದ ಮೇಲೆ ನನಗಾದ ಉರಿಯನ್ನೆಲ್ಲ ಆ ಬಡಾವಣೆಯ ತಲೆಗೆ ಕಟ್ಟಿದೆ. ಹಾಗೆ ಕಟ್ಟುವುದು ಸುಲಭವಾಗಿತ್ತು. ಅಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ.

ನಮ್ಮ ಊರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರು ನೀರು ದಿನಾ ಬರುತ್ತದೆಯೇ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುವ ಮೊದಲು ಗಾಳಿ ಯಾವುದು ಎಂದು ಕೇಳುತ್ತಾರೆ. ಹಳೇಸಂತೆಯದು ಮಂಪರಿನ ಗಾಳಿ. ಕುಂಬಾರಗುಂಡಿಯದು ಅಳುವಿನ ಗಾಳಿ, ಅಲ್ಲಿ ತರಕಾರಿಯವನು ಬದನೆಕಾಯಿ ತೂಗುತ್ತ ಸುಮ್ಮಸುಮ್ಮನೆ ಕಣ್ಣೊರೆಸಿಕೊಳ್ಳುತ್ತಾನೆ. ತೆಂಗಿನತೋಟ ಬಡಾವಣೆಯದು ನೆಮ್ಮದಿಯ ಗಾಳಿ. ಅಲ್ಲಿನ ಬಾಡಿಗೆ ಕೇಳಿದರೆ ಇರುವ ನೆಮ್ಮದಿಯೂ ಹೋಗುತ್ತದೆ, ಆ ಮಾತು ಬೇರೆ.

ನಾವು ಹತ್ತು ವರ್ಷದಿಂದ ಹಳೇಸಂತೆಯಲ್ಲಿದ್ದೆವು. ನನ್ನ ಗಂಡ ಗುರುಮೂರ್ತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಮಗಳು ಹಂಸಾ ಏಳನೇ ತರಗತಿ, ಮಗ ತೇಜು ಎರಡನೇ ತರಗತಿ. ಇಬ್ಬರನ್ನೂ ಬೆಳಿಗ್ಗೆ ಎಬ್ಬಿಸುವಷ್ಟರಲ್ಲಿ ಶಾಲೆಯಲ್ಲಿ ಎರಡನೇ ಪಾಠ ಮುಗಿದಿರುತ್ತಿತ್ತು. ಎಬ್ಬಿಸಲು ಹೋದ ನಾನೂ ಎಷ್ಟೋ ಸಲ ಬಾಗಿಲ ಚೌಕಟ್ಟಿಗೆ ಒರಗಿ ನಿದ್ದೆ ಮಾಡಿದ್ದುಂಟು. ಹಂಸಾ ಗಣಿತದ ಪರೀಕ್ಷೆಯಲ್ಲಿ ಮೂರನೇ ಲೆಕ್ಕದ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು ಎಂದು ಮೇಷ್ಟರು ಹೇಳಿ ಕಳಿಸಿದ ದಿನ, ಇನ್ನು ಈ ಬೀದಿಯಲ್ಲಿದ್ದರೆ ಮಕ್ಕಳು ಉದ್ಧಾರವಾಗುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಅವರು ಹೂಂ ಎಂದು ಮಗ್ಗುಲು ಬದಲಿಸಿದರು. ನಾನೇ ಬ್ರೋಕರ್ ಚೆನ್ನಿಗಪ್ಪನನ್ನು ಹಿಡಿದೆ.

ಚೆನ್ನಿಗಪ್ಪ ಮೊದಲು ನಮ್ಮನ್ನು ಕರೆದುಕೊಂಡು ಹೋಗಿದ್ದು ತೆಂಗಿನತೋಟಕ್ಕೆ. ನಮ್ಮ ಕೈಗೆ ಎಟುಕದ್ದನ್ನು ಮೊದಲು ತೋರಿಸಿ ಆಮೇಲೆ ಎಟುಕುವುದಕ್ಕೆ ಒಪ್ಪಿಸುವುದು ಅವನ ಉಪಾಯ. ಬಡಾವಣೆಯ ಕಮಾನು ದಾಟಿದ ಕೂಡಲೇ ಗುರುಮೂರ್ತಿ ಯಾರದೋ ಮನೆಯ ಜಗಲಿಯ ಮೇಲೆ ಕೂತು, "ಆಹಾ, ಏನೂ ಬೇಡ ಕಣೇ ನೀಲಾ, ಹಿಂಗೇ ಕೂತಿದ್ರೆ ಸಾಕು" ಎಂದರು. ಹಂಸಾ ತಮ್ಮನ ಕೈ ಹಿಡಿದು ಹಾಡು ಗುನುಗಿದಳು. ಐಸ್‌ಕ್ಯಾಂಡಿ ಬೇಕೆಂದು ದಾರಿಯುದ್ದಕ್ಕೂ ರಚ್ಚೆ ಹಿಡಿದಿದ್ದ ತೇಜು ಗಾಡಿ ಎದುರಿಗೇ ಬಂದರೂ ತಿರುಗಿ ನೋಡಲಿಲ್ಲ. ನಾನು ಮಾತ್ರ ಆ ಜಗಲಿಯ ಕೆಂಪು ಗಾರೆ, ಕಿಟಕಿಯ ಹಿತ್ತಾಳೆಯ ಕಡ್ಡಿ, ಒಳಗೆ ಉಯ್ಯಾಲೆಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದ ಹೆಂಗಸಿನ ಕೊಬ್ಬಿದ ಮುಖ, ಎಲ್ಲವನ್ನೂ ನೋಡುತ್ತ ನಿಂತೆ. ಇವಳಿಗೇನು ಕೋಡೇ ಎಂದುಕೊಂಡೆ. ಬಾಡಿಗೆಯ ಚಿಂತೆಯಲ್ಲಿ ನನಗೆ ನೆಮ್ಮದಿ ಹತ್ತಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ.

"ಇದು ನಿಮಗಾಗಲ್ಲ ಬಿಡಿ ಅಮ್ಮ" ಎಂದ ಚೆನ್ನಿಗಪ್ಪ. "ಮಕ್ಕಳು ಓದೋ ಮನೆಗೆ ಹೇಳಿ ಮಾಡಿಸಿದ್ದು ಕಾಲುವೆಯಾಚೆ. ಬಾಡಿಗೆ ಇದರ ಕಾಲು ಭಾಗವೂ ಇಲ್ಲ. ಶಾಲೆ ಅಂತೂ ಜಿಲ್ಲೆಗೇ ಮೊದಲು."

"ಅಲ್ಲಿ ಹೊಟ್ಟೆಕಿಚ್ಚಿನ ಗಾಳಿಯಂತಲ್ಲ?"

"ಅದಕ್ಕೇ ಅಲ್ವಾ ಅಮ್ಮ ಶಾಲೆ ಮೊದಲು! ಪಕ್ಕದೋನು ಹತ್ತು ಲೆಕ್ಕ ಮಾಡಿದ ಅಂದ್ರೆ ಇವನು ಹನ್ನೊಂದು ಮಾಡ್ತಾನೆ. ಸ್ವಲ್ಪ ಉರಿಯುತ್ತೆ, ಇಲ್ಲ ಅನ್ನಲ್ಲ. ಸೇತುವೆ ದಾಟಿ ಈಚೆಗೆ ಬಂದ್ರೆ ಇಳಿದು ಹೋಗುತ್ತೆ. ಚಪ್ಪಲಿ ಬಿಟ್ಟಂಗೆ."

ಕಾಲುವೆಯಾಚೆಯ ಶಾಲೆಗೆ ಆ ಗಾಳಿಯಲ್ಲಿ ವಾಸ ಮಾಡುವವರ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಹೊಸದಾಗಿ ಬಂದವರಿಗೆ ಒಂದು ವರ್ಷ ತಾತ್ಕಾಲಿಕ ಸೀಟು. ಬೇಸಿಗೆ ರಜೆಗೆ ಮುಂಚೆ ಹೆಡ್‌ಮೇಡಂ ಮನೆಗೇ ಬಂದು ಗಾಳಿ ನೋಡುತ್ತಾರೆ, ಸರಿ ಇದ್ದರೆ ಹತ್ತನೇ ತರಗತಿಯವರೆಗೆ ಖಾಯಂ. ಬಾಡಿಗೆ ಕರಾರಿನ ಕಾಗದವನ್ನು ಅವರು ನಂಬುವುದಿಲ್ಲ. ಎಲ್ಲೋ ಇದ್ದುಕೊಂಡು ಇಲ್ಲಿದ್ದೇವೆ ಎಂದು ಕಾಗದ ತರುವವರು ಅಷ್ಟೊಂದು ಜನ ಇದ್ದರು.

ಚೆನ್ನಿಗಪ್ಪ ತೋರಿಸಿದ ಮನೆ ಕೊನೆಯ ಬೀದಿಯ ಕೊನೆಯಲ್ಲಿ, ಕಾಲುವೆ ಬಾಗುವ ಮೂಲೆಯಲ್ಲಿತ್ತು. ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಬೇರೆ ಮನೆಗಳಿಗಿಂತಲೂ ಬಾಡಿಗೆ ಕಡಿಮೆ. ಯಾಕೆ ಎಂದು ಕೇಳಿದ್ದಕ್ಕೆ, ಸೊಳ್ಳೆ ಜಾಸ್ತಿ ಎಂದ. ಮನೆ ಅವನದೇ ಎಂದು ಆಮೇಲೆ ಗೊತ್ತಾಯಿತು.

ಸಾಮಾನು ಇಳಿಸುವಾಗ ಎದುರುಮನೆಯಿಂದ ಒಬ್ಬ ಹೆಂಗಸು ಕೈಯಲ್ಲಿ ಹಳೆಯ ಬೆಡ್‌ಶೀಟು ಹಿಡಿದು ಓಡಿ ಬಂದಳು. "ಅಯ್ಯೋ, ಮುಚ್ಚಿ, ಮುಚ್ಚಿ! ಹಿಂಗೆ ಬಿಚ್ಚಿಕೊಂಡು ಬೀರು ಇಳಿಸ್ತಾರಾ ಯಾರಾದ್ರೂ?" ಎಂದು ನಮ್ಮ ಬೀರುವಿನ ಮೇಲೆ ಹೊದಿಸಿದಳು. ಸುತ್ತ ನಾಲ್ಕು ಕಿಟಕಿಗಳು ಅಷ್ಟರಲ್ಲೇ ತೆರೆದಿದ್ದವು. ಆಕೆ ಪಂಕಜಾಕ್ಷಿ. ನನಗಿಂತ ಐದಾರು ವರ್ಷ ದೊಡ್ಡವರು, ಅಂದಿನಿಂದ ನನಗೆ ಪಂಕಜಕ್ಕ. ಅವರ ಮಗಳು ಸಿಂಚನಾ, ಹಂಸಾಳ ತರಗತಿಯೇ.

ಆ ಬಡಾವಣೆಯಲ್ಲಿ ಹೇಗೆ ಬದುಕಬೇಕೆಂದು ನನಗೆ ಕಲಿಸಿದ್ದು ಪಂಕಜಕ್ಕ. ಹೊಸ ಸಾಮಾನು ತಂದರೆ ಮುಸುಕು ಹಾಕಿಯೇ ಒಳಗೆ ತರಬೇಕು. ಹೊಸ ಸೀರೆಯನ್ನು ಒಗೆದರೆ ಮನೆಯೊಳಗೇ ಒಣಗಿಸಬೇಕು. ತುಪ್ಪ ಕಾಯಿಸುವಾಗ ಕಿಟಕಿ ಹಾಕಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮಜ್ಜಿಗೆ. ಮನೆಗೆ ಏನಾದರೂ ಒಳ್ಳೆಯದಾದರೆ, ಅಂದರೆ ಸಂಬಳ ಹೆಚ್ಚಲಿ, ಮಗಳಿಗೆ ಗಂಡು ಗೊತ್ತಾಗಲಿ, ಹೊಸ ಮಿಕ್ಸಿ ಬರಲಿ, ಅಕ್ಕಪಕ್ಕದ ಮನೆಗಳಿಗೆ ಒಂದೊಂದು ಲೋಟ ಮಜ್ಜಿಗೆ ಕೊಡಬೇಕು. ಹೊಟ್ಟೆ ತಣ್ಣಗಿರಲಿ ಎಂದು. ತಗೊಂಡವರು ಯಾಕೆ ಎಂದು ಕೇಳಬಾರದು, ಕುಡಿದು ಲೋಟ ತೊಳೆದು ಕೊಡಬೇಕು. ಮಜ್ಜಿಗೆ ನೀರಾಗಿದ್ದರೆ ಸಣ್ಣ ವಿಷಯ, ಗಟ್ಟಿಯಾಗಿದ್ದರೆ ದೊಡ್ಡದು. ಮೇಲೆ ಕೊತ್ತಂಬರಿ ಉದುರಿಸಿ, ಇಂಗಿನ ಒಗ್ಗರಣೆ ಹಾಕಿದ್ದರೆ ಆ ಮನೆಯವರು ಸೈಟು ತಗೊಂಡಿದ್ದಾರೆ ಎಂದೇ ತಿಳಿಯಬೇಕು. ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದವಾದರೆ ಬೀದಿಯವರೆಲ್ಲ ಮೊದಲು ನೋಡುತ್ತಿದ್ದುದು ಬಂದವರ ಕೈಯನ್ನು.

ಅವರು ಕಲಿಸಿದ ಇನ್ನೊಂದು ಪಾಠ ಸೇತುವೆಯದು. ಸಂಜೆ ಐದೂವರೆಗೆ ಹೆಂಗಸರೆಲ್ಲ ಒಟ್ಟಾಗಿ ಸೇತುವೆ ದಾಟಿ ಈಚೆ ದಡದ ಕಲ್ಲುಬೆಂಚಿಗೆ ಬಂದು ಕೂರುತ್ತಿದ್ದರು. "ಇಳಿಸ್ಕೊಳ್ಳೋಕೆ ಬರ್ತೀಯೇನೇ?" ಎಂದು ಪಂಕಜಕ್ಕ ಕೂಗುತ್ತಿದ್ದರು. ಸೇತುವೆಯ ನಡುವೆ ಬಂದ ಕೂಡಲೇ ಒಬ್ಬೊಬ್ಬರಿಗೂ ಆಕಳಿಕೆ ಬರುತ್ತಿತ್ತು. ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ತುಂಬಿ, ಹೆಗಲು ಕೆಳಗಿಳಿಯುವಂಥ ಆಕಳಿಕೆ. ಅಲ್ಲಿಗೆ ದಿನದ ಉರಿಯೆಲ್ಲ ಹೋಯಿತು. ಆಮೇಲೆ ಬೆಂಚಿನ ಮೇಲೆ ಕೂತು ಯಾರ ಮೇಲೆ ಏನಕ್ಕೆ ಉರಿದುಕೊಂಡೆವೆಂದು ಹೇಳಿಕೊಂಡು ನಗುವುದು.

"ಇವತ್ತು ನಿನ್ನ ಗಂಡ ನಿನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡ್ತಿದ್ರಲ್ಲ, ಅದನ್ನ ನೋಡಿ ಮಧ್ಯಾಹ್ನ ನಂಗೆ ಊಟ ಸೇರಲಿಲ್ಲ ಕಣೇ ನೀಲಾ" ಎಂದು ಮೊದಲ ದಿನ ಪಂಕಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮೋರು ಬಲ್ಬ್ ಹೋದ್ರೂ ನನ್ನ ಮುಖ ನೋಡ್ತಾರೆ. ನಿಂದು ಹೇಳು ಈಗ."

ನನಗೆ ಆಕಳಿಕೆ ಬಂದಿರಲಿಲ್ಲ. ಹೊಸಬಳು, ಇನ್ನೂ ಗಾಳಿ ಒಗ್ಗಿಲ್ಲ ಎಂದುಕೊಂಡೆ. ಆದರೆ ಎಲ್ಲರೂ ಬಾಯಿ ತೆರೆದಾಗ ನಾನೊಬ್ಬಳೇ ಮುಚ್ಚಿಕೊಂಡಿದ್ದರೆ ಏನು ತಿಳಿದುಕೊಳ್ಳುತ್ತಾರೋ ಎಂದು ನಾನೂ ತೆರೆದಿದ್ದೆ. "ನಿಮ್ಮ ಚಪಾತಿ ಅಕ್ಕ" ಎಂದೆ. "ಅಷ್ಟು ಉಬ್ಬುತ್ತಲ್ಲ, ಅದಕ್ಕೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಆ ಚಪಾತಿ ಹಾಗೇ ಉಬ್ಬಿಕೊಂಡು ಕೂತಿತ್ತು.

ದಿನ ಕಳೆದರೂ ಅದು ಇಳಿಯಲಿಲ್ಲ. ಪಂಕಜಕ್ಕನ ಚಪಾತಿ, ಪಂಕಜಕ್ಕನ ಜಡೆ, ನಲವತ್ತು ದಾಟಿದರೂ ಒಂದು ಬಿಳಿಕೂದಲಿಲ್ಲ. ಅವರ ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತಿತ್ತು, ನನ್ನದಕ್ಕೆ ಹಿತ್ತಲ ಗೋಡೆ ಅಡ್ಡ. ಅವರ ಗಂಡ ಶುಕ್ರವಾರ ಬಂತೆಂದರೆ ಎರಡು ಮೊಳ ಮಲ್ಲಿಗೆ ತರುತ್ತಿದ್ದರು. ನನ್ನ ಗಂಡ ಮಿಷನ್ನಿಗೆ ಎಣ್ಣೆ ಬಿಟ್ಟರೆ ಏನು ಬಂತು, ಎಣ್ಣೆಯನ್ನು ಮುಡಿದುಕೊಳ್ಳಲಾಗುತ್ತದೆಯೇ? ಸಿಂಚನಾಳ ಅಕ್ಷರ ಮುತ್ತಿನ ಹಾಗೆ. ಅವಳು ತರಗತಿಗೆ ಮೊದಲು, ಹಂಸಾ ಎರಡನೆಯವಳು. ಮೂರನೇ ಲೆಕ್ಕದ ಮೇಲೆ ಮಲಗುತ್ತಿದ್ದವಳು ಎರಡನೆಯ ಸ್ಥಾನಕ್ಕೆ ಬಂದಳೆಂದು ನಾನು ಕುಣಿಯಬೇಕಾಗಿತ್ತು. ನಾನು ಕೇಳಿದ್ದು, "ಅವಳಿಗೆ ನಿನಗಿಂತ ಎಷ್ಟು ಜಾಸ್ತಿ?"

"ನಾಲ್ಕು. ಅವಳು ತುಂಬ ಚೆನ್ನಾಗಿ ಬರೀತಾಳಮ್ಮ" ಎಂದಳು ಹಂಸಾ, ಖುಷಿಯಿಂದಲೇ.

ನನಗೆ ಮೈ ಪರಚಿಕೊಳ್ಳುವಂತಾಯಿತು. ಇಡೀ ಬಡಾವಣೆಯ ಮಕ್ಕಳು ಉತ್ತರಪತ್ರಿಕೆಯನ್ನು ಮೊಣಕೈಯಿಂದ ಮರೆಮಾಡಿ ಬರೆಯುತ್ತವೆ, ಇವಳು ರಬ್ಬರು ಪೆನ್ಸಿಲು ಹಂಚಿ ಬರುತ್ತಾಳೆ. ತೇಜು ಎದುರುಮನೆಯವರ ಹೊಸ ಸೈಕಲ್ಲನ್ನು ಮುಸುಕಿನ ಮೇಲಿಂದಲೇ ಮುಟ್ಟಿ, "ಚೆನ್ನಾಗಿದೆ ಆಂಟಿ, ಬೆಲ್ ಇದೆಯಾ?" ಎಂದು ಕೇಳಿ ಬಂದ. ಗಂಡನಂತೂ ಬಂದ ಮಜ್ಜಿಗೆಯನ್ನೆಲ್ಲ ನನ್ನ ಪಾಲಿನದನ್ನೂ ಸೇರಿಸಿ ಕುಡಿದು, ಶುಂಠಿ ಒಂಚೂರು ಜಾಸ್ತಿಯಾಯಿತು ಎನ್ನುತ್ತಿದ್ದರು. ಈ ಮೂವರಿಗೂ ಬುದ್ಧಿ ಮಂದ, ಗಾಳಿ ತಗುಲುವುದು ನನ್ನಂಥ ಚುರುಕಿನವರಿಗೆ ಎಂದುಕೊಂಡೆ. ಅದರಲ್ಲೂ ಒಂದು ಜಂಬವಿತ್ತು.

ಸಂಜೆಯ ಆಕಳಿಕೆಯನ್ನು ಮಾತ್ರ ಚೆನ್ನಾಗಿ ಕಲಿತೆ. ಸೇತುವೆಯ ಮೂರನೇ ಕಂಬ ಬಂದ ಕೂಡಲೇ ಬಾಯಿ ತೆರೆದು, ಸೆರಗಿನಿಂದ ಕಣ್ಣೊರೆಸಿಕೊಂಡಂತೆ ಮಾಡಿ, ಉಸ್ಸಪ್ಪಾ ಎನ್ನುತ್ತಿದ್ದೆ. ಬೆಂಚಿನ ಮೇಲೆ ಪಂಕಜಕ್ಕ ಹುರಿಗಡಲೆ ಪೊಟ್ಟಣ ಬಿಚ್ಚಿ ಮೊದಲು ನನ್ನ ಕೈಗೆ ಹಾಕುತ್ತಿದ್ದರು. ಅಷ್ಟು ಉರಿದರೂ ನನಗೆ ಅವರೆಂದರೆ ಇಷ್ಟ, ಅದೇ ಕಷ್ಟ. ಇಷ್ಟವಿಲ್ಲದವರ ಮೇಲೆ ಉರಿದುಕೊಂಡರೆ ಬಾಗಿಲು ಹಾಕಿಕೊಂಡು ಆರಾಮವಾಗಿರಬಹುದು.

ಮಾರ್ಚ್ ತಿಂಗಳು ಬಂತು. ಮೇಡಂ ಗಾಳಿ ನೋಡಲು ಬರುವ ಕ್ರಮ ಹೀಗೆ: ಯಾವ ದಿನ ಎಂದು ಹೇಳುವುದಿಲ್ಲ. ನೆರೆಮನೆಯಲ್ಲಿ ಏನೋ ಒಳ್ಳೆಯದಾದ ದಿನವೇ ನೋಡಿಕೊಂಡು, ಆ ಮನೆಯವರ ಕೈಯಲ್ಲೇ ಮಜ್ಜಿಗೆ ಹಿಡಿಸಿಕೊಂಡು ಬರುತ್ತಾರೆ. ಮನೆಮಂದಿಯೆಲ್ಲ ಕುಡಿಯಬೇಕು, ವಿಷಯ ಏನೆಂದು ಅಂದು ಮಾತ್ರ ಬಾಯಿಬಿಟ್ಟು ಹೇಳುತ್ತಾರೆ. ಒಬ್ಬರಿಗಾದರೂ ಉರಿ ಹತ್ತಬೇಕು. ಹತ್ತಿದವರನ್ನು ಸೇತುವೆಗೆ ಕರೆದೊಯ್ಯುತ್ತಾರೆ, ಅಲ್ಲಿ ಅದು ಇಳಿಯಬೇಕು. ಹತ್ತಿದಂತೆ ನಟಿಸುವವರು ಬಹಳ ಮಂದಿ ಇದ್ದಾರೆ, ಇಳಿದಂತೆ ನಟಿಸುವವರನ್ನು ಮೇಡಂ ಮೂವತ್ತು ವರ್ಷದಿಂದ ಹಿಡಿಯುತ್ತ ಬಂದಿದ್ದಾರೆ. ನನಗೆ ರಾತ್ರಿಯ ನಿದ್ದೆ ಹೋಯಿತು. ಹಂಸಾಳಿಗೆ ಖಾಯಂ ಸೀಟು ಸಿಗದಿದ್ದರೆ ಮತ್ತೆ ಹಳೇಸಂತೆ, ಮತ್ತೆ ಮೂರನೇ ಲೆಕ್ಕದ ಮೇಲೆ ನಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿತು. ಮೇಡಂ ನಿಂತಿದ್ದರು, ಕೊಡೆ ಊರಿಕೊಂಡು. ಹಿಂದೆ ಪಂಕಜಕ್ಕ, ತಟ್ಟೆಯಲ್ಲಿ ನಾಲ್ಕು ಲೋಟ. ನನ್ನ ಕಣ್ಣು ಮೊದಲು ಹೋಗಿದ್ದು ಲೋಟಕ್ಕೆ. ಗಟ್ಟಿ ಮಜ್ಜಿಗೆ. ಮೇಲೆ ಕೊತ್ತಂಬರಿ. ಇಂಗಿನ ಒಗ್ಗರಣೆಯ ವಾಸನೆ ಬಾಗಿಲಿಗೇ ಬಂತು.

"ಕುಡೀರಿ" ಎಂದರು ಮೇಡಂ. ಕುಡಿದೆವು. "ಪಂಕಜಾಕ್ಷಿಯವರು ತೆಂಗಿನತೋಟದಲ್ಲಿ ಮನೆ ತಗೊಂಡಿದ್ದಾರೆ. ಸ್ವಂತದ್ದು. ಮುಂದಿನ ತಿಂಗಳು ಗೃಹಪ್ರವೇಶ."

ಗುರುಮೂರ್ತಿ ಲೋಟ ಕೆಳಗಿಡುತ್ತ, "ಬಹಳ ಸಂತೋಷ ಅಕ್ಕಾವ್ರೆ. ಮಜ್ಜಿಗೆ ಬೊಂಬಾಟಾಗಿದೆ, ಇನ್ನೊಂದು ಲೋಟ ಇದ್ಯಾ?" ಎಂದರು.

"ಸಿಂಚನಾ ಶಾಲೆ ಬಿಡ್ತಾಳಾ?" ಎಂದು ಹಂಸಾಳ ಕಣ್ಣಲ್ಲಿ ನೀರು ಬಂತು. ತರಗತಿಗೆ ಮೊದಲ ಸ್ಥಾನ ಖಾಲಿಯಾಗುತ್ತದೆ ಎಂದು ಆ ಹುಡುಗಿಗೆ ಹೊಳೆಯಲೇ ಇಲ್ಲ. ತೇಜು, ಅಲ್ಲಿ ಉಯ್ಯಾಲೆ ಇದೆಯಾ ಎಂದು ಕೇಳಿದ. ಇದೆ ಎಂದರು ಪಂಕಜಕ್ಕ. ಇದೆ ಎಂದ ಆ ಒಂದು ಮಾತಿಗೆ ನನ್ನ ಹೊಟ್ಟೆಯೊಳಗಿನ ಮಜ್ಜಿಗೆ ಕುದಿಯಿತು.

ಮೇಡಂ ಮೂವರ ಮುಖವನ್ನೂ ನೋಡಿ, ಎದ್ದು ಹಿತ್ತಲಿಗೆ ಹೋಗಿ, ಕಾಲುವೆಯ ಬಾಗಿನ ಕಡೆ ನಿಂತು ಗಾಳಿ ಮೂಸಿ ಬಂದರು. "ನನಗೆ ಅನುಮಾನ ಇತ್ತು. ನಿಮಗಿಂತ ಮುಂಚೆ ಇಲ್ಲಿದ್ದ ಎರಡು ಮನೆಯವರದ್ದೂ ಇದೇ ಕತೆ. ಆ ಬಾಗಿನಿಂದ ಈ ಮೂಲೆಗೆ ಬಡಾವಣೆ ಗಾಳಿ ಬರಲ್ಲ. ಇಲ್ಲಿ ಯಾವ ಗಾಳಿಯೂ ಇಲ್ಲ, ಬರೀ ಗಾಳಿ. ಮಕ್ಕಳಿಗೆ ಶಾಲೆಯಲ್ಲಿ ಅಷ್ಟಿಷ್ಟು ತಗುಲಿದ್ರೂ ರಾತ್ರಿ ಇಲ್ಲಿ ಆರಿಹೋಗುತ್ತೆ. ಆ ಚೆನ್ನಿಗಪ್ಪನಿಗೆ ಇದು ಗೊತ್ತು, ಅದಕ್ಕೇ ಬಾಡಿಗೆ ಕಡಿಮೆ."

"ಹಾಗಾದ್ರೆ ಸೀಟು?" ಎಂದರು ಗುರುಮೂರ್ತಿ.

ಮೇಡಂ ನನ್ನ ಕಡೆ ತಿರುಗಿದರು. "ನಿಮಗೆ ಹತ್ತಿದೆಯಲ್ಲಮ್ಮ. ಮುಖದಲ್ಲೇ ಕಾಣ್ತಿದೆ. ದಿನಾ ಎದುರುಮನೆಗೆ ಹೋಗಿ ಬಂದು ಹತ್ತಿಸ್ಕೊಂಡಿರಬಹುದು. ಅದು ಬಡಾವಣೆದೇ ಆದ್ರೆ ಸೇತುವೆಯಲ್ಲಿ ಇಳಿಯುತ್ತೆ, ಮಕ್ಕಳಿಗೆ ಸೀಟು ಕೊಡ್ತೀನಿ. ನಡೀರಿ."

ಸೇತುವೆಗೆ ಹತ್ತು ನಿಮಿಷದ ದಾರಿ. ಮೇಡಂ ಮುಂದೆ, ನಾನು ನಡುವೆ, ಪಂಕಜಕ್ಕ ಪಕ್ಕದಲ್ಲಿ. ಬರೀ ಗಾಳಿ ಎಂದ ಮಾತು ನನ್ನ ಕಿವಿಯಲ್ಲಿ ಕೂತಿತ್ತು. ಹಾಗಾದರೆ ಇಡೀ ವರ್ಷ ಒಲೆಯ ಮುಂದೆ, ಮಿಷನ್ನಿನ ಮುಂದೆ, ಹಾಸಿಗೆಯಲ್ಲಿ ನಾನು ಉರಿದದ್ದು ಯಾರ ಉರಿ? ಗಂಡ ಮಕ್ಕಳನ್ನು ಮಂದಬುದ್ಧಿಯವರೆಂದು ಬೈದುಕೊಂಡೆನಲ್ಲ, ಅವರು ಸುಮ್ಮನೆ ಅವರಾಗಿದ್ದರು. ನಾನೂ ನಾನಾಗಿಯೇ ಇದ್ದೆ. ತೆಂಗಿನತೋಟದ ಜಗಲಿಯ ಮುಂದೆ ನಿಂತು ಯಾರೋ ಗೊತ್ತಿಲ್ಲದ ಹೆಂಗಸಿಗೆ ಕೋಡು ಹುಡುಕಿದ್ದು ನೆನಪಾಯಿತು. ನಾಚಿಕೆಯಿಂದ ಸಾಯುವಂತಾಯಿತು. ಅದರ ಜೊತೆಗೇ, ಈ ಪಂಕಜಕ್ಕನಿಗೆ ಅಲ್ಲಿ ಉಯ್ಯಾಲೆಯಂತೆ ಎಂದು ಹೊಟ್ಟೆ ಉರಿಯುತ್ತಲೇ ಇತ್ತು.

ಇಳಿಸಿಕೊಳ್ಳಬೇಕು ಎಂದು ಹಲ್ಲು ಕಚ್ಚಿದೆ. ಹಂಸಾಳ ಮುಖ ನೆನೆದೆ. ಇವರಿಗೆ ಒಳ್ಳೆಯದಾಗಲಿ, ನೂರು ವರ್ಷ ಉಯ್ಯಾಲೆಯ ಮೇಲೆ ಕೂರಲಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಂಡಷ್ಟೂ ಉಯ್ಯಾಲೆ ದೊಡ್ಡದಾಯಿತು. ಮೂರನೇ ಕಂಬ ಬಂತು. ನಮ್ಮ ಹಿಂದೆ ಬರುತ್ತಿದ್ದ ಸೊಪ್ಪಿನವಳಿಗೆ ಆಕಳಿಕೆ ಬಂತು, ಪಂಕಜಕ್ಕನಿಗೆ ಬಂತು. ನಾನು ಅಭ್ಯಾಸದಂತೆ ಬಾಯಿ ತೆರೆದು, ಉಸ್ಸಪ್ಪಾ ಎಂದೆ.

ಮೇಡಂ ಕನ್ನಡಕ ಮೇಲೇರಿಸಿ ನನ್ನ ಕಣ್ಣನ್ನೇ ನೋಡಿದರು. "ಎಲ್ಲಮ್ಮ ನೀರು? ನನ್ನ ಕಣ್ಣಿಗೆ ಮಣ್ಣೆರಚಬೇಡಿ. ಇದು ಬಡಾವಣೆದಲ್ಲ, ನಿಮ್ಮದೇ ಸ್ವಂತದ್ದು. ಇದಕ್ಕೆ ನಾನು ಸೀಟು ಕೊಡೋ ಹಾಗಿಲ್ಲ."

ಪಂಕಜಕ್ಕನ ಎದುರಿಗೆ ಹೇಳಿಬಿಟ್ಟರು. ಒಂದು ವರ್ಷ ಅವರ ಹುರಿಗಡಲೆ ತಿಂದ ಬಾಯಿ ನನ್ನದು. ನೆಲ ನೋಡುತ್ತ ನಿಂತೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ಹೌದಕ್ಕ" ಎಂದೆ. "ಒಂದು ದಿನವೂ ಇಳಿದಿಲ್ಲ. ನಿಮ್ಮನ್ನ ಕಂಡ್ರೆ ಈಗಲೂ ಉರೀತಾ ಇದೆ."

ಪಂಕಜಕ್ಕ ಕಾಲುವೆಯ ನೀರು ನೋಡಿದರು. ಆಮೇಲೆ, "ಒಂದು ನಿಮಿಷ ಮೇಡಂ" ಎಂದು ನನ್ನ ತೋಳು ಹಿಡಿದು ಕಂಬದ ಪಕ್ಕಕ್ಕೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದರು: "ಯಾರಿಗೂ ಹೇಳಬೇಡ ನೀಲಾ. ಆ ಮನೆ ನಮ್ಮದಲ್ಲ. ನನ್ನ ಮೈದುನಂದು. ನಮ್ಮೋರ ಕೆಲಸ ಹೋಗಿ ಎರಡು ತಿಂಗಳಾಯ್ತು. ಹಿಂದುಗಡೆ ಒಂದು ರೂಮು ಕೊಡ್ತೀವಿ, ಅಡುಗೆ ಕಸ ಎಲ್ಲ ನೀನೇ ನೋಡ್ಕೋಬೇಕು ಅಂದಿದ್ದಾರೆ. ಇಲ್ಲಿ ಹೇಳ್ಕೊಳ್ಳೋಕೆ ಮುಖ ಇಲ್ಲದೆ ಸ್ವಂತ ಮನೆ ಅಂದೆ. ಉಯ್ಯಾಲೆ ಮೇಲೆ ಕೂರೋಳು ಓರಗಿತ್ತಿ, ತಳ್ಳೋಳು ನಾನು."

ನನ್ನ ಹೆಗಲು ತಾನಾಗಿ ಕೆಳಗಿಳಿಯಿತು. ದವಡೆ ಕಟಕ್ಕೆಂದು ಬಾಯಿ ತೆರೆದುಕೊಂಡಿತು. ನಿಲ್ಲಿಸಲಾಗದಂಥ ಆಕಳಿಕೆ, ಒಂದರ ಹಿಂದೆ ಇನ್ನೊಂದು, ಕಣ್ಣಿಂದ ನೀರು ಕೆನ್ನೆಯ ಮೇಲೆ ಇಳಿದು ಬಾಯಿಗೆ ಬಂತು. ವರ್ಷದಿಂದ ಕಟ್ಟಿಕೊಂಡಿದ್ದ ಸೊಂಟದ ದಾರ ಬಿಚ್ಚಿದಷ್ಟು ಹಗುರವಾಯಿತು. ಅಯ್ಯೋ ಪಾಪ ಎಂದೆ. ಆ ಪಾಪ ಎನ್ನುವುದರಲ್ಲಿ ಇದ್ದ ಸುಖವನ್ನು ಈಗ ನೆನೆದರೆ ಅಸಹ್ಯವಾಗುತ್ತದೆ, ಆಗ ಆಗಲಿಲ್ಲ.

ಮೇಡಂ ಹತ್ತಿರ ಬಂದು, ಬೆರಳಿನಿಂದ ನನ್ನ ಕೆನ್ನೆ ಮುಟ್ಟಿ ನೋಡಿ, ಬಗಲಿನ ಚೀಲದಿಂದ ರಿಜಿಸ್ಟರು ತೆಗೆದು ಸಹಿ ಹಾಕಿದರು. ಹಂಸಾ, ತೇಜು, ಇಬ್ಬರಿಗೂ ಹತ್ತನೆಯವರೆಗೆ ಖಾಯಂ.

ಆ ತಿಂಗಳು ನನ್ನಷ್ಟು ಒಳ್ಳೆಯವಳು ಆ ಬೀದಿಯಲ್ಲೇ ಇರಲಿಲ್ಲ. ಹುಳಿ ಮಾಡಿದರೆ ಪಂಕಜಕ್ಕನ ಮನೆಗೆ ಒಂದು ಬಟ್ಟಲು, ದೋಸೆ ಹುಯ್ದರೆ ನಾಲ್ಕು. ಸಿಂಚನಾಳಿಗೆ ಎರಡು ಲಂಗ ಹೊಲಿದು ಕೊಟ್ಟೆ, ಹೊಲಿಗೆ ಕೂಲಿ ಬೇಡವೆಂದೆ. ಅವರ ಜಡೆ ಚೆಂದ ಎಂದು ಬಾಯಿತುಂಬ ಹೇಳಿದೆ. ಸಾಮಾನು ಕಟ್ಟಲು ಗುರುಮೂರ್ತಿಯನ್ನೂ ಕರೆದುಕೊಂಡು ಹೋದೆ. ಪಾಪ, ಹಿಂದಿನ ರೂಮಿಗೆ ಇಷ್ಟೊಂದು ಪಾತ್ರೆ ಎಲ್ಲಿ ಹಿಡಿಸುತ್ತದೆಯೋ ಎಂದು ಮರುಗಿದೆ. ಪಂಕಜಕ್ಕ ಎಲ್ಲಕ್ಕೂ ಹೂಂ ಎನ್ನುತ್ತಿದ್ದರು. ಗೃಹಪ್ರವೇಶಕ್ಕೆ ಬಾ ಎಂದು ನನ್ನನ್ನು ಕರೆಯಲಿಲ್ಲ. ಅವಮಾನ ಕಾಣದಿರಲಿ ಎಂದು ಕರೆದಿಲ್ಲ ಎಂದುಕೊಂಡೆ.

ಸೀಟು ಸಿಕ್ಕಿದ್ದಕ್ಕೆ ಬೀದಿಗೆಲ್ಲ ಮಜ್ಜಿಗೆ ಕೊಟ್ಟಿದ್ದೆ. ಮುಖ್ಯವಾದವರಿಗೆ, ಕೈಹಿಡಿದು ನಡೆಸಿದವರಿಗೆ, ಅವರ ಕಷ್ಟದ ಮುಂದೆ ನನ್ನ ಒಳ್ಳೆಯದನ್ನು ಹಿಡಿಯಲು ಸಂಕೋಚವಾಗಿ ಕೊಡುವುದು ಉಳಿದಿತ್ತು. ಅವರು ಮನೆ ಬಿಟ್ಟು ಹದಿನೈದು ದಿನದ ಮೇಲೆ, ಒಂದು ಬೆಳಿಗ್ಗೆ ತಂಬಿಗೆಯಲ್ಲಿ ಗಟ್ಟಿ ಮಜ್ಜಿಗೆ ತುಂಬಿ, ಬಾಳೆಎಲೆ ಮುಚ್ಚಿ, ಬಸ್ಸು ಹತ್ತಿ ತೆಂಗಿನತೋಟಕ್ಕೆ ಹೋದೆ. ಸಿಂಚನಾ ಹಂಸಾಳಿಗೆ ಬರೆದುಕೊಟ್ಟಿದ್ದ ವಿಳಾಸ ಹಿಡಿದು ಹುಡುಕಿದೆ. ಹಿಂದಿನ ಬಾಗಿಲು ಯಾವ ಕಡೆಯೋ ಎಂದು ಕಾಂಪೌಂಡಿನ ಸುತ್ತ ಒಂದು ಸುತ್ತು ಬಂದೆ. ಮುಂದಿನ ಗೇಟಿಗೆ ಬಂದಾಗ ಕಂಬದಲ್ಲಿ ಕಲ್ಲಿನ ಫಲಕ ಕಂಡಿತು. ಪಂಕಜಕ್ಕನ ಗಂಡನ ಹೆಸರು. ಅದರ ಕೆಳಗೆ ಪಂಕಜಾಕ್ಷಿ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಇವರ ಹೆಸರು.

ಅವತ್ತು ಚೆನ್ನಿಗಪ್ಪನ ಜೊತೆ ಕಂಡಂಥದ್ದೇ ಕೆಂಪು ಗಾರೆಯ ಜಗಲಿ. ಹಿತ್ತಾಳೆಯ ಕಡ್ಡಿಯ ಕಿಟಕಿ. ಒಳಗೆ ಉಯ್ಯಾಲೆಯ ಮೇಲೆ ಪಂಕಜಕ್ಕ ಕೂತು ಹೂ ಕಟ್ಟುತ್ತಿದ್ದರು. ಅವರ ಗಂಡ ಕೆಲಸಕ್ಕೆ ಹೊರಡುವ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ನನ್ನ ಪಕ್ಕದಲ್ಲೇ ಹಾದು, ಚೆನ್ನಾಗಿದ್ದೀರಾ ಎಂದು ಕೇಳಿ ಹೋದರು.

"ಬಂದ್ಯಾ?" ಎಂದರು ಪಂಕಜಕ್ಕ. ಅಷ್ಟೇ.

"ಹಿಂದಿನ ರೂಮು ಎಲ್ಲಕ್ಕ?"

"ಅದರಲ್ಲಿ ಹಳೇ ಸಾಮಾನು ತುಂಬಿದೀವಿ."

"ಮೈದುನ?"

"ನಮ್ಮೋರಿಗೆ ತಮ್ಮ ಎಲ್ಲಿದ್ದಾನೆ? ಇರೋದು ಒಬ್ಬಳು ಅಕ್ಕ." ದಾರದ ತುದಿ ಹಲ್ಲಿನಲ್ಲಿ ಕಡಿದು, ಮಾಲೆ ಪಕ್ಕಕ್ಕಿಟ್ಟರು. "ಬಿಡು ಅದನ್ನ. ಸೀಟು ಸಿಕ್ತಲ್ಲ."

ನಾನು ತಂಬಿಗೆ ಹಿಡಿದುಕೊಂಡೇ ನಿಂತಿದ್ದೆ. "ನಿಮಗೆ ಗೊತ್ತಿತ್ತಾ ಅಕ್ಕ, ನಂದು ಇಳಿಯಲ್ಲ ಅಂತ?"

"ಮೊದಲನೇ ದಿನವೇ ಗೊತ್ತಾಯ್ತು. ದಿನಾ ಬಾಯಿ ತೆಗೀತಿದ್ದೆ, ಒಂದು ದಿನವೂ ಕಣ್ಣಲ್ಲಿ ನೀರಿಲ್ಲ. ಅದಕ್ಕೇ ಕಡಲೆ ಮೊದಲು ನಿನ್ನ ಕೈಗೆ ಹಾಕ್ತಿದ್ದೆ, ಏನಾದ್ರೂ ಅಗೀತಿದ್ರೆ ಸ್ವಲ್ಪ ಕಮ್ಮಿಯಾಗುತ್ತೇನೋ ಅಂತ."

"ಇದನ್ನೆಲ್ಲ ಈ ತೆಂಗಿನತೋಟದ ಗಾಳಿಯಲ್ಲಿ ಕೂತು ಹೇಳೋದು ಸುಲಭ" ಎಂದೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

"ಅವತ್ತು ನಾನು ಇನ್ನೂ ಕಾಲುವೆಯಾಚೆ ಇದ್ದೆನಲ್ಲೇ ನೀಲಾ" ಎಂದರು ಅವರು, ಮೆಲ್ಲಗೆ.

ಹೌದು. ಹದಿನಾಲ್ಕು ವರ್ಷ ಆ ಗಾಳಿ ಕುಡಿದವರು. ನನ್ನ ಗಂಡ ಮಿಷನ್ನಿಗೆ ಎಣ್ಣೆ ಬಿಟ್ಟರೆ ಊಟ ಸೇರದವರು. ಅಂಥವರು ಅವತ್ತು ಆ ಸೇತುವೆಯ ಮೇಲೆ, ನಿಮ್ಮನ್ನು ಕಂಡರೆ ಉರಿಯುತ್ತದೆ ಎಂದು ಮುಖಕ್ಕೇ ಹೇಳಿದವಳ ಮಗಳಿಗೋಸ್ಕರ, ಸ್ವಂತ ಮನೆಯನ್ನು ಮೈದುನನದು ಮಾಡಿ, ದುಡಿಯುವ ಗಂಡನನ್ನು ಮನೆಯಲ್ಲಿ ಕೂರಿಸಿ, ತಮ್ಮನ್ನೇ ಕಸ ಗುಡಿಸುವವಳನ್ನಾಗಿ ಮಾಡಿಕೊಂಡು ಒಂದು ಸುಳ್ಳು ಹೇಳಿದರು. ಆಮೇಲೆ ಒಂದು ತಿಂಗಳು ನನ್ನ ಹುಳಿಯ ಬಟ್ಟಲನ್ನೂ ಅಯ್ಯೋ ಪಾಪವನ್ನೂ ಸುಮ್ಮನೆ ಈಸಿಕೊಂಡರು. ಯಾವ ಗಾಳಿಯೂ ಇಲ್ಲದ ಮನೆಯಲ್ಲಿದ್ದ ನನ್ನ ಕೈಯಲ್ಲಿ ಆಗದ್ದು ಅದು. ಜಡೆ ಸಾಲದೆಂದು, ಚಪಾತಿ ಸಾಲದೆಂದು, ಉಯ್ಯಾಲೆಯೂ ಸಾಲದೆಂದು ಇವರಿಗೆ ಇಂಥ ಮನಸ್ಸನ್ನು ಬೇರೆ ದೇವರು ಯಾಕೆ ಕೊಟ್ಟನೋ. ಇಷ್ಟು ದಿನ ಉರಿದದ್ದೆಲ್ಲ ಉರಿಯೇ ಅಲ್ಲ ಎನ್ನಿಸುವಂತೆ ಹೊಟ್ಟೆಯಲ್ಲಿ ಹತ್ತಿಕೊಂಡಿತು. ಸುತ್ತಲೂ ನೆಮ್ಮದಿಯ ಗಾಳಿ ಬೀಸುತ್ತಿತ್ತು, ಪಕ್ಕದ ಮನೆಯ ನಾಯಿ ಕೂಡ ಬೆಕ್ಕಿನ ಪಕ್ಕ ಮಲಗಿತ್ತು.

ಪಂಕಜಕ್ಕ ಎದ್ದು ಬಂದು ನನ್ನ ಕೈಯಿಂದ ತಂಬಿಗೆ ತಗೊಂಡರು. ಬಾಳೆಎಲೆ ತೆಗೆದು, ಮೂಸಿ ನೋಡಿ, ಒಳಗಿಂದ ಎರಡು ಲೋಟ ತಂದರು. ಮೊದಲ ಲೋಟವನ್ನು ನನಗೇ ತುಂಬಿ ಕೊಟ್ಟರು.

"ನಿಮಗೆ ಅಂತ ತಂದಿದ್ದು" ಎಂದೆ.

"ನಂಗೆ ಇಲ್ಲಿ ಅದರ ಅಗತ್ಯ ಇಲ್ಲ. ಕುಡಿ, ಹೊಟ್ಟೆ ತಣ್ಣಗಾಗ್ಲಿ."

ಉಯ್ಯಾಲೆಯ ಮೇಲೆ ಅವರ ಪಕ್ಕದಲ್ಲಿ ಕೂತು, ಕೊತ್ತಂಬರಿ ಹಲ್ಲಿಗೆ ಸಿಕ್ಕಿಸಿಕೊಳ್ಳುತ್ತ, ಒಂದೇ ಗುಟುಕಿಗೆ ಕುಡಿದು ಮುಗಿಸಿದೆ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಲೋಟ ಮುಂದೆ ಹಿಡಿದು, "ಇನ್ನೊಂದು ಹಾಕಿ ಅಕ್ಕ" ಎಂದೆ.